ಬಿಹೋಲ್ಡ್ ದ ಡ್ರೀಮರ್ಸ್: ಡ್ರೈವರ್ ಸೀಟಿನಿಂದ ಕಂಡ ಅಮೆರಿಕ

ಅಮೆರಿಕಕ್ಕೆ ಹೋದವರ ಕಾದಂಬರಿ ಅಂದರೆ ಸಾಫ್ಟ್‌ವೇರ್ ಗಂಡ, ಊರು ನೆನೆದು ಕಣ್ಣೀರಿಡುವ ಹೆಂಡತಿ ಎಂದು ಬೇಸತ್ತವರು ಇಂಬೊಲೊ ಎಂಬುಎ ಬರೆದ ಈ ಪುಸ್ತಕ ಕೊಳ್ಳಬಹುದು. 2016ರಲ್ಲಿ ಬಂದದ್ದು, ಮರುವರ್ಷ ಪೆನ್/ಫಾಕ್ನರ್ ಪ್ರಶಸ್ತಿ ಪಡೆದದ್ದು. ನಾಯಕ ಜೆಂಡೆ ಜೊಂಗಾ ಕ್ಯಾಮರೂನಿನವನು. ಹೆಂಡತಿ ನೆನಿ, ಮಗನ ಜೊತೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಾಸ. ಲೆಹ್ಮನ್ ಬ್ರದರ್ಸ್‌ನ ದೊಡ್ಡ ಅಧಿಕಾರಿ ಕ್ಲಾರ್ಕ್ ಎಡ್ವರ್ಡ್ಸ್‌ನ ಕಾರು ಓಡಿಸುವ ಕೆಲಸ ಸಿಗುತ್ತದೆ, ಸಂಬಳ ವರ್ಷಕ್ಕೆ 35,000 ಡಾಲರ್. ಆ ಬ್ಯಾಂಕು 2008ರ ಸೆಪ್ಟೆಂಬರ್ 15ಕ್ಕೆ ದಿವಾಳಿ ಎದ್ದಿತೆಂದು ಓದುವವರಿಗೆ ಗೊತ್ತು. ಜೆಂಡೆಗೆ ಗೊತ್ತಿಲ್ಲ.

ಬಳ್ಳಾರಿ ಕಡೆಯವರಿಗೆ ಈ ಕಥೆ ಬೇಗ ಹತ್ತುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಫೈನಾನ್ಸ್ ಮೇಲೆ ಲಾರಿ ತೆಗೆದವರು, ಕ್ಲೀನರ್‌ಗಳು, ಸಂಡೂರು ರಸ್ತೆಯ ಧಾಬಾದವರು ಏನಾದರೆಂದು ಕಂಡವರು ನಾವು. ಆದರೆ ಎಂಬುಎ ಇನ್ನೂ ಸೂಕ್ಷ್ಮವಾದದ್ದನ್ನು ಹಿಡಿದಿದ್ದಾರೆ. ಬ್ಯಾಂಕು ಮುಳುಗಿದರೂ ಸಾಹೇಬನಿಗೆ ಬೇರೆ ಕುರ್ಚಿ ಸಿಗುತ್ತದೆ, ಜೆಂಡೆಯ ಕೆಲಸವೂ ಉಳಿಯುತ್ತದೆ. ಅದು ಹೋಗುವುದು ಸಾಹೇಬನ ಮನೆಯ ಜಗಳದಲ್ಲಿ. ಗಂಡ ಎಲ್ಲೆಲ್ಲಿ ಹೋಗುತ್ತಾನೆಂದು ಬರೆದಿಡು ಅಂತ ಸಿಂಡಿ ಮೇಡಂ ಒಂದು ನೋಟ್‌ಬುಕ್ ಹಿಡಿಸುತ್ತಾಳೆ. ಬರೆದರೆ ಸಾಹೇಬನಿಗೆ ದ್ರೋಹ, ಬರೆಯದಿದ್ದರೆ ಮೇಡಂಗೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಬಿಗಿಯಾದ ಭಾಗ ಇಲ್ಲ.

ಕಾಗದಪತ್ರದ ಕಥೆ ಓದುವಾಗ ಸ್ವಲ್ಪ ಕಾನೂನು ಗೊತ್ತಿದ್ದರೆ ಒಳ್ಳೆಯದು, ಲೇಖಕಿ ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ಜೆಂಡೆ ವಿಸಿಟರ್ ವೀಸಾದಲ್ಲಿ ಬಂದು ಆಶ್ರಯದ ಅರ್ಜಿ, ಅಂದರೆ ಊರಲ್ಲಿ ಕಿರುಕುಳದ ಭಯವಿದೆ, ಇಲ್ಲೇ ಉಳಿಯಲು ಬಿಡಿ ಎಂಬ ಕೋರಿಕೆ, ಹಾಕುತ್ತಾನೆ. ಅದನ್ನು ಸಾಮಾನ್ಯವಾಗಿ ಬಂದ ಒಂದು ವರ್ಷದೊಳಗೆ ಹಾಕಬೇಕು. ಆಗಿನ ನಿಯಮದಂತೆ ಅರ್ಜಿ ಹಾಕಿ 150 ದಿನ ಕಳೆದ ಮೇಲೆ ಕೆಲಸದ ಪರವಾನಗಿ ಕೇಳಬಹುದಿತ್ತು. ಅಂದರೆ ಅರ್ಜಿ ಎಷ್ಟು ನಿಧಾನವೋ ಅಷ್ಟು ದಿನ ದುಡಿಮೆ. ವಕೀಲ ಬುಬಕರ್‌ನ ಧೈರ್ಯದ ಮಾತೆಲ್ಲ ಇದರ ಮೇಲೆಯೇ ನಿಂತದ್ದು. ಆದರೆ ಅರ್ಜಿಯ ಬುಡವೇ ಟೊಳ್ಳು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪು, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳದ ಭಯ ಇರಬೇಕು. ಊರಿಗೆ ಹೋದರೆ ನೆನಿಯ ಅಪ್ಪ ಕೊಲ್ಲುತ್ತಾನೆಂದು ಜೆಂಡೆಯ ಅರ್ಜಿ ಹೇಳುವ ಕಥೆ ಇವುಗಳಲ್ಲಿ ಯಾವುದಕ್ಕೂ ಸುಲಭಕ್ಕೆ ಕೂರುವುದಿಲ್ಲ. ಕೊನೆಗೆ ಬರುವ ಸ್ವಯಂ ನಿರ್ಗಮನದ ಪ್ರಶ್ನೆಯೂ ಹೀಗೆ ಓದಿದರೆ ಅರ್ಥವಾಗುತ್ತದೆ: ಗಡೀಪಾರು ಆದೇಶ ಬಿದ್ದರೆ ಸಾಮಾನ್ಯವಾಗಿ 10 ವರ್ಷ ಬಾಗಿಲು ಬಂದ್, ತಾವಾಗಿಯೇ ಹೊರಟವರಿಗೆ ಆ ಆದೇಶದ ಕಳಂಕ ಇರುವುದಿಲ್ಲ.

ನೆನಿಯ ಪಾತ್ರ ಗಂಡನದಕ್ಕಿಂತ ಗಟ್ಟಿ. ಫಾರ್ಮಸಿಸ್ಟ್ ಆಗಬೇಕೆಂದು ಸ್ಟೂಡೆಂಟ್ ವೀಸಾದಲ್ಲಿ ಓದುವವಳು, ವಾಪಸ್ ಹೋಗೋಣ ಎಂಬ ಮಾತಿಗೆ ಬಗ್ಗದವಳು. ಜೆಂಡೆ ಅವಳ ಮೇಲೆ ಕೈಮಾಡುವ ಭಾಗಕ್ಕೆ ಲೇಖಕಿ ಸಕ್ಕರೆ ಸವರಿಲ್ಲ, ಅವನ ಮೇಲಿನ ಮರುಕ ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎಡ್ವರ್ಡ್ಸ್ ಮನೆಯವರು ಮಾತ್ರ ತೆಳು. ದೊಡ್ಡ ಮಗ ವಿನ್ಸ್ ಲಾ ಓದು ಬಿಟ್ಟು ಶಾಂತಿ ಹುಡುಕಿಕೊಂಡು ಇಂಡಿಯಾಕ್ಕೇ ಬರುತ್ತಾನೆ. ನಗು ಬಂದರೆ ನಿಮ್ಮ ತಪ್ಪಲ್ಲ.

ಇಂಗ್ಲಿಷ್ ಸರಳ, ಅಧ್ಯಾಯಗಳು ಚಿಕ್ಕವು, ಡಿಗ್ರಿ ಓದುವವರಿಗೂ ತೊಡಕಾಗದು. ಸಂಭಾಷಣೆಯಲ್ಲಿ ಕ್ಯಾಮರೂನಿನ ಮಾತಿನ ಧಾಟಿ ಬರುತ್ತದೆ, ಬಾಯಿಬಿಟ್ಟು ಓದಿಕೊಂಡರೆ ಹಿಡಿತಕ್ಕೆ ಸಿಗುತ್ತದೆ. ಐದಕ್ಕೆ ನಾಲ್ಕು ಅಂಕ. ವೀಸಾ ಕೈಪಿಡಿ ಅಂತ ಇದನ್ನು ನೆಚ್ಚಬೇಡಿ, ಕಥೆ ನಡೆಯುವ ಕಾಲದ ನಿಯಮಗಳು ಈಗ ಹಾಗೇ ಇಲ್ಲ. ಫುಟ್‌ಪಾತ್ ಪ್ರತಿ ಕೊಳ್ಳುವಾಗ ಎಚ್ಚರ: ಜೆರಾಕ್ಸಿನಂತೆ ಮಸುಕಾದ ಅಕ್ಷರ, ಬಿಡಿಸಿದರೆ ಸಿಡಿಯುವ ಅಂಟು ಕಂಡರೆ ಅದು ಕಳ್ಳಪ್ರತಿ. ಪುಟಸಂಖ್ಯೆ ಕೊನೆಯವರೆಗೂ ತಿರುವಿ ನೋಡಿ ದುಡ್ಡು ಕೊಡಿ.