5 ಕೆವಿ ಜನರೇಟರ್, 40 ಟ್ಯೂಬ್‌ಲೈಟ್: ನಾನು ಹಾಕಿದ ತಪ್ಪು ಲೆಕ್ಕ

ಊರ ಹಬ್ಬಕ್ಕೆ ನಾಟಕ ಆಡೋರು, ಗಣಪತಿ ಕೂರಿಸೋರು, ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡೋರು ದಯವಿಟ್ಟು ಓದಿ. ಹೋದ ವರ್ಷ ನಮ್ಮೂರ ಪೌರಾಣಿಕ ನಾಟಕಕ್ಕೆ ಲೈಟು, ಮೈಕಿನ ಜವಾಬ್ದಾರಿ ನನ್ನದಾಗಿತ್ತು. ಮೇಷ್ಟ್ರು ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಕೂತು ಕಲಿಸಿದ್ದನ್ನ ನಾನು ಒಂದು ಚೀಟಿ ಲೆಕ್ಕದಲ್ಲಿ ಮಣ್ಣುಪಾಲು ಮಾಡಿದೆ.

ಆ ಚೀಟಿ ಇನ್ನೂ ನನ್ನ ಹತ್ರ ಇದೆ. ಟ್ಯೂಬ್‌ಲೈಟು 40, ಒಂದಕ್ಕೆ 40 ವ್ಯಾಟ್‌ನಂತೆ 1600. ಸ್ಟೇಜಿಗೆ ಸಾವಿರ ವ್ಯಾಟಿನ ಹ್ಯಾಲೊಜನ್ ಎರಡು, 2000. ಆಂಪ್ಲಿಫೈಯರ್ 250. ಒಟ್ಟು 3850. ಜನರೇಟರ್ 5 ಕೆವಿ. ‘ಇನ್ನೂ ಸಾವಿರದ ಮೇಲೆ ಮಿಗುತ್ತೆ ಬಿಡಿ’ ಅಂತ ಕಮಿಟಿಯವರ ಮುಂದೆ ದೊಡ್ಡದಾಗಿ ಹೇಳಿದ್ದೆ. ಮೈಕ್‌ಸೆಟ್‌ನವನೂ ತಲೆಯಾಡಿಸಿದ. ಅವನಿಗೇನು, ಅದಕ್ಕಿಂತ ದೊಡ್ಡ ಜನರೇಟರ್ ಅವನ ಹತ್ರ ಇರಲೇ ಇಲ್ಲ.

ಹನ್ನೊಂದೂವರೆವರೆಗೆ ಎಲ್ಲಾ ಸರಿಯಿತ್ತು. ಯಾಕಂದ್ರೆ ಹ್ಯಾಲೊಜನ್ ಹಾಕಿರಲಿಲ್ಲ, ಅವು ದುರ್ಯೋಧನನ ದರ್ಬಾರಿಗೆ ಅಂತ ಕಾಯ್ತಾ ಇದ್ದವು. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕಟ್ಟಿದ್ದ ಅಣ್ಣ ಗದೆ ಹೊತ್ತು ಬಂದ, ಪರದೆ ಎದ್ದಿತು, ಎರಡೂ ಹ್ಯಾಲೊಜನ್ ಹತ್ತಿದವು. ದೂರದಲ್ಲಿ ಜನರೇಟರ್ ಗಂಟಲು ಕಟ್ಟಿದವರ ಹಾಗೆ ನರಳೋಕೆ ಶುರು ಮಾಡ್ತು. ವೈರಿನ ತುದಿಯಲ್ಲಿದ್ದ ಟ್ಯೂಬುಗಳು ಮೊದಲು ಕಣ್ಣು ಮುಚ್ಚಿದವು. ಸ್ಟಾರ್ಟರುಗಳು ಟಿಕ್ ಟಿಕ್ ಅಂತ ಹೊತ್ತಿಸೋಕೆ ನೋಡೋದು, ಆಗದೆ ಆರೋದು. ಟ್ಯೂಬು ಹೊತ್ತಿಕೊಳ್ಳುವಾಗ ಉರಿಯುವಾಗಿನದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತೆ, ಅದರಿಂದ ಇನ್ನಷ್ಟು ವೋಲ್ಟೇಜ್ ಕುಸೀತು.

ಕಂದಪದ್ಯ ಕೇಳಿಸ್ತಿಲ್ಲ ಅಂತ ಹಿಂದಿನವರು ಕೂಗಿದರು. ಮೈಕಿನವನು ವಾಲ್ಯೂಮ್ ಕೊನೆವರೆಗೂ ತಿರುಗಿಸಿದ. ಅಲ್ಲೇ ಕೆಟ್ಟಿದ್ದು. ಆಂಪ್ಲಿಫೈಯರಿಗೆ ಒಳಗೆ ಬರೋ ವೋಲ್ಟೇಜೇ ಕಮ್ಮಿ ಇದ್ದಾಗ ಎಷ್ಟು ತಿರುಗಿಸಿದರೂ ದನಿ ದೊಡ್ಡದಾಗಲ್ಲ, ಸೀಳುತ್ತೆ. ಆ ಸೀಳು ದನಿ ಹಾರ್ನ್ ಯೂನಿಟ್ಟಿನ ಕಾಯಿಲ್ ಕಾಯಿಸುತ್ತೆ. ‘ಜೀ...’ ಅಂತ ಒಂದು ಸದ್ದು, ಸುಟ್ಟ ವಾರ್ನಿಷ್ ವಾಸನೆ, ನಾಲ್ಕರಲ್ಲಿ ಮೂರು ಹಾರ್ನ್ ಮೌನ. ಬೆಳಿಗ್ಗೆ ಒಂದು ಯೂನಿಟ್ ಬಿಚ್ಚಿ ನೋಡಿದೆವು. ಡಯಾಫ್ರಾಮಿಗೆ ಸುತ್ತಿದ್ದ ತಂತಿ ಕರಕಲಾಗಿ, ಬೆರಳು ತಾಗಿಸಿದ್ದೇ ತಡ, ಸುಟ್ಟ ಕೂದಲಿನ ಹಾಗೆ ಉದುರಿತು.

ಆ ರಾತ್ರಿಗೆ ಯಾರದೋ ಮನೆಯಿಂದ ‘3000 ವ್ಯಾಟ್’ ಅಂತ ಸ್ಟಿಕರ್ ಅಂಟಿಸಿದ್ದ ಪೆಟ್ಟಿಗೆ ತಂದಿಟ್ಟರು. ಎರಡನೇ ಸಾಲಿಗೂ ದನಿ ಹೋಗಲಿಲ್ಲ. ಹಿಂದೆ ತಿರುಗಿಸಿ ಟಾರ್ಚ್ ಹಾಕಿದರೆ ಸಣ್ಣಕ್ಷರದಲ್ಲಿ 45 ವ್ಯಾಟ್ ಆರ್‌ಎಂಎಸ್! ಅದು ಪೆಟ್ಟಿಗೆ ನಿರಂತರವಾಗಿ ಕೊಡೋ ನಿಜವಾದ ಶಕ್ತಿ. ಮುಂದೆ ಅಂಟಿಸಿದ್ದ ಮೂರು ಸಾವಿರ ಪಿಎಂಪಿಒ, ಅಂದ್ರೆ ಕ್ಷಣಮಾತ್ರದ ಗರಿಷ್ಠ ಅಂತ ಹೇಳ್ಕೊಳ್ಳೋ ಲೆಕ್ಕ. ಅದಕ್ಕೆ ಒಂದು ಅಳತೆಗೋಲು ಅಂತಲೇ ಇಲ್ಲ, ಮಾರೋರು ಬರೆದಿದ್ದೇ ಸಂಖ್ಯೆ. ಆರ್‌ಎಂಎಸ್ ಎಷ್ಟು ಅಂತ ಕೇಳಿ. ಬಾಯಿ ಬಿಡಲಿಲ್ಲ ಅಂದ್ರೆ ಮುಂದಿನ ಅಂಗಡಿ ನೋಡಿ.

ಇನ್ನು ನನ್ನ ಚೀಟಿಯ ತಪ್ಪು. ಜನರೇಟರಿನ ಮೇಲೆ ಬರೆದಿದ್ದು 5 ಕೆವಿಎ, ಅಂದ್ರೆ ಐದು ಸಾವಿರ ವಿಎ (ವೋಲ್ಟನ್ನ ಆಂಪಿಯರಿನಿಂದ ಗುಣಿಸಿದ್ದು). ಆಡುಮಾತಲ್ಲಿ ಕೆವಿ ಅಂತೀವಿ, ಮನಸ್ಸಲ್ಲಿ ಐದು ಸಾವಿರ ವ್ಯಾಟ್ ಅಂದ್ಕೋತೀವಿ. ಸಾಮಾನ್ಯವಾಗಿ ಅದರ 0.8 ಪಾಲು, ಅಂದ್ರೆ 4000 ವ್ಯಾಟ್ ಮಾತ್ರ ಸಿಗೋದು. ಶಾಮಿಯಾನದವರ ಗೋಡೌನಿನಲ್ಲಿ ಇನ್ನೂ ಇರೋ ಹಳೇ ತಾಮ್ರದ ಚೋಕಿನ ಪಟ್ಟಿಗಳದ್ದು ಬೇರೆಯೇ ಕಥೆ. ಚೋಕ್ ತಾನೇ ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತೆ. ಸಾಲದ್ದಕ್ಕೆ 40 ವ್ಯಾಟಿನ ಟ್ಯೂಬು ಸುಮಾರು 0.43 ಆಂಪಿಯರ್ ಎಳೆಯುತ್ತೆ, 230 ವೋಲ್ಟಿಗೆ ಅದು ನೂರರ ಹತ್ತಿರ ವಿಎ. ಆ ಹೆಚ್ಚಿನದ್ದು ಬಸ್ಸಲ್ಲಿ ಟಿಕೆಟ್ ತಗೊಳ್ಳದೆ ಕೂತವನ ಹಾಗೆ: ಮನೆ ಮೀಟರಿನ ಲೆಕ್ಕಕ್ಕೆ ಬರಲ್ಲ, ಆದರೆ ಸೀಟು ಹಿಡಿದಿರ್ತಾನೆ. ವೈರು, ಜನರೇಟರ್ ಎರಡೂ ಅವನನ್ನ ಹೊರಲೇಬೇಕು. ನಲವತ್ತು ಟ್ಯೂಬಿಗೇ 17 ಆಂಪಿಯರ್ ಹೋಯ್ತು. 5 ಕೆವಿಎ ಕೊಡೋದೇ ಸುಮಾರು 22. ಹ್ಯಾಲೊಜನ್ ಎರಡಕ್ಕೆ ಎಂಟೂವರೆ ಬೇಕು. ಇವನ್ನ ಹೀಗೆ ನೇರವಾಗಿ ಕೂಡಿದರೆ ಸ್ವಲ್ಪ ಜಾಸ್ತಿ ಬರುತ್ತೆ ನಿಜ. ಸರಿಯಾಗಿ ಲೆಕ್ಕ ಹಾಕಿದರೂ ಆಂಪ್ಲಿಫೈಯರ್ ಸೇರಿ ಸುಮಾರು ಐದೂವರೆ ಕೆವಿಎ ಆಗುತ್ತೆ.

ಸುಟ್ಟ ಯೂನಿಟ್ಟಿಗಿಂತ ನನ್ನ ನಿದ್ದೆ ಕೆಡಿಸಿದ್ದು ಬೇರೆ. ನಲವತ್ತು ಟ್ಯೂಬಿಗೂ ಒಂದೇ ಎಳೆ ತೆಳು ವೈರು, ಮಧ್ಯೆ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ ಜಾಯಿಂಟು. ಬಿಚ್ಚುವಾಗ ನೋಡಿದರೆ ಟೇಪು ಬೆಲ್ಲದ ಪಾಕದ ಹಾಗೆ ಕರಗಿ ಚಪ್ಪರದ ಒಣ ತೆಂಗಿನ ಗರಿಗೆ ಅಂಟಿಕೊಂಡಿತ್ತು. ಗರಿ ಅಲ್ಲಿ ಕಂದಿತ್ತು. ಅದರ ಕೆಳಗೆ ಚಾಪೆ ಮೇಲೆ ಮಕ್ಕಳು ಮಲಗಿದ್ದವು.

ಈ ಸಲ ನಾನು ಎಲ್‌ಇಡಿ ಟ್ಯೂಬು ಇರೋರನ್ನೇ ಹುಡುಕಿದೆ. 20 ವ್ಯಾಟಿನವು ನಲವತ್ತು, 800 ವ್ಯಾಟ್. ಅಗ್ಗದ ಎಲ್‌ಇಡಿಯೂ ವ್ಯಾಟಿನ ದುಪ್ಪಟ್ಟು ವಿಎ ಎಳೆಯೋದುಂಟು, ಹಾಗಾಗಿ 1600 ಅಂತಲೇ ಹಿಡಿದಿದ್ದೀನಿ. ಜನರೇಟರ್ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಿಸಲ್ಲ. ವೈರು ನಾಲ್ಕು ದಾರಿ, ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗೋ ಸ್ವಿಚ್). ಹಾರ್ನ್ ನಾಲ್ಕು, 40 ವ್ಯಾಟಿನವು, ಒಟ್ಟು 160. ಅದಕ್ಕೆ 250 ಆರ್‌ಎಂಎಸ್ ಆಂಪ್ಲಿಫೈಯರ್ ಸಾಕು, ಬೇಸ್ ಇಳಿಸಿ, ವಾಲ್ಯೂಮ್ ಕೊನೆಗೆ ಒಯ್ಯದೆ. ಐನೂರು ವ್ಯಾಟ್ ತನ್ನಿ ಅಂದೋರಿಗೆ ಹೇಳಿದೆ: ವ್ಯಾಟ್ ಎರಡರಷ್ಟಾದರೆ ಏರೋದು ಬರೀ 3 ಡೆಸಿಬಲ್, ಕಿವಿಗೆ ದುಪ್ಪಟ್ಟು ಅನ್ನಿಸೋಕೆ ಹತ್ತರಷ್ಟು ಬೇಕು. ಅದರ ಬದಲು ಎರಡು ಹಾರ್ನ್ ಜನರ ಮಧ್ಯಕ್ಕೆ ತಂದು ಕಟ್ಟೋದು ಅಂತ ತೀರ್ಮಾನ ಆಗಿದೆ.

ದುರ್ಯೋಧನ ಮಾತ್ರ ಅದೇ ಅಣ್ಣ. ಪಾತ್ರಕ್ಕೆ ಅರ್ಧ ದುಡ್ಡು ಸಾಕು ಅಂದಿದ್ದೀವಿ.