ಚಿಕ್ಕ ಹಿತ್ತಲಿಗೆ ಯಾವ ಟ್ರ್ಯಾಂಪೊಲಿನ್? ನಾಲ್ಕು ಬಗೆ ಹಾರಿ ನೋಡಿದ ಮೇಲೆ

ಇಂಗ್ಲೆಂಡಿನ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದ ನಮ್ಮಂಥವರಿಗೆ ಏಪ್ರಿಲ್ ಬಂತೆಂದರೆ ಮಕ್ಕಳ ಕಾಟ ಶುರು. ಎಡಗಡೆ ಮನೆಯಲ್ಲಿ ಟ್ರ್ಯಾಂಪೊಲಿನ್ ಇದೆ, ಬಲಗಡೆ ಮನೆಯಲ್ಲೂ ಇದೆ, ನಮ್ಮನೇಲಿ ಯಾಕಿಲ್ಲ? ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಹಿತ್ತಲು 6 ಮೀಟರ್ ಅಗಲ, 9 ಮೀಟರ್ ಉದ್ದ. ಅದರಲ್ಲಿ ಮನೆಗೆ ತಾಗಿದ 2 ಮೀಟರ್ ಕಲ್ಲುಹಾಸು. ಉಳಿದದ್ದು ಹುಲ್ಲು, ಮೂರು ಕಡೆ ಮರದ ಬೇಲಿ.

ನಾಲ್ಕು ಬಗೆಯನ್ನು ನೋಡಿದ್ದೇವೆ. 8 ಅಡಿಯ ದುಂಡನೆಯದು, ಊರು ಬಿಟ್ಟು ಹೊರಟ ಸ್ನೇಹಿತರು ಒಂದು ಬೇಸಿಗೆಗೆ ನಮ್ಮಲ್ಲಿ ಬಿಟ್ಟು ಹೋಗಿದ್ದು. ಸ್ಪ್ರಿಂಗ್ ಇಲ್ಲದ್ದು ಮತ್ತು ನೆಲದೊಳಗೆ ಕೂರಿಸಿದ್ದು, ಇವೆರಡೂ ಗೆಳೆಯರ ಮನೆಗಳಲ್ಲಿ. ಕೊನೆಗೆ ನಾವೇ ಕೊಂಡಿದ್ದು ಮೊಟ್ಟೆಯಾಕಾರದ್ದು, 6 ಅಡಿ ಅಗಲ, 9 ಅಡಿ ಉದ್ದ. ಮಕ್ಕಳು ನಾಲ್ಕರಲ್ಲೂ ಮನಸಾರೆ ಹಾರಿದ್ದಾರೆ. ತೂಕದ ಮಿತಿ ನೋಡಿಕೊಂಡು ನಾನೂ ಹಾರಿದ್ದೇನೆ.

ಮೊದಲು ಅಳತೆಯ ಮಾತು. ಅಂಗಡಿಯಲ್ಲಿ ಎಲ್ಲರೂ ಕೇಳುವುದು 8 ಅಡಿಯೋ, 10 ಅಡಿಯೋ ಎಂದು. ಆದರೆ ಚಿಕ್ಕ ಹಿತ್ತಲಿನಲ್ಲಿ ಲೆಕ್ಕ ಹಾಕಬೇಕಾದ್ದು ಟ್ರ್ಯಾಂಪೊಲಿನ್ ಸುತ್ತ ಎಷ್ಟು ಜಾಗ ಖಾಲಿ ಉಳಿಯುತ್ತದೆ ಅನ್ನುವುದನ್ನು. ಹೆಚ್ಚಿನ ಕೈಪಿಡಿಗಳು ಸುತ್ತಲೂ 2 ಮೀಟರ್ ಬಿಡಿ ಎನ್ನುತ್ತವೆ. ಇಲ್ಲಿನ ಅಪಘಾತ ತಡೆ ಸಂಸ್ಥೆ ರೋಸ್ಪಾ ಎರಡೂವರೆ ಮೀಟರ್ ಇದ್ದರೆ ಒಳ್ಳೆಯದು ಎನ್ನುತ್ತದೆ. ನಮ್ಮ 6 ಮೀಟರ್ ಅಗಲದಲ್ಲಿ 10 ಅಡಿಯದನ್ನು ನಡುವೆ ಇಟ್ಟರೆ ಎರಡೂ ಬದಿ ಒಂದೂವರೆ ಮೀಟರೂ ಉಳಿಯುವುದಿಲ್ಲ. 8 ಅಡಿಯದಕ್ಕೆ ಉಳಿಯುವುದು 1.78 ಮೀಟರ್. 6 ಅಡಿ ಅಗಲದ್ದಾದರೆ 2 ಮೀಟರಿಗಿಂತ ತುಸು ಜಾಸ್ತಿ. ಬೇಲಿಯ ಕಂಬಗಳು ಇಲ್ಲಿ ಹಲವು ಕಡೆ ಕಾಂಕ್ರೀಟಿನವು. ಟ್ರ್ಯಾಂಪೊಲಿನ್ ಸುತ್ತ ಕಟ್ಟಿದ ಬಲೆ ಹರಿದು ಮಗು ಆಚೆ ಬಿದ್ದರೆ ತಲೆ ಹೋಗುವುದು ಅಲ್ಲಿಗೇ. ಹಾಗಾಗಿ ಇದು ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ.

ದುಂಡನೆಯದು

ಎಲ್ಲರ ಮನೆಯಲ್ಲಿ ಕಾಣುವುದು ಇದೇ. ಬೆಲೆ ಕಡಿಮೆ, ಎಲ್ಲಿ ಬೇಕಾದರೂ ಸಿಗುತ್ತದೆ, ಬಳಸಿದ್ದೂ ಬೇಕಾದಷ್ಟಿದೆ. ಹಾರಿದವರನ್ನು ಎಲ್ಲ ಕಡೆಯಿಂದಲೂ ನಡುವಿಗೆ ತಳ್ಳುವುದು ಇದರ ದೊಡ್ಡ ಗುಣ. ಸುತ್ತಲಿನ ಸ್ಪ್ರಿಂಗ್‌ಗಳು ಒಂದೇ ಸಮ ಎಳೆಯುವುದರಿಂದ ಮಗು ಅಂಚಿಗೆ ಸರಿದರೂ ಮುಂದಿನ ನೆಗೆತದಲ್ಲಿ ಮಧ್ಯಕ್ಕೆ ಬರುತ್ತದೆ. ಚಿಕ್ಕ ಮಕ್ಕಳಿಗೆ ಇದು ನಿಜವಾಗಿಯೂ ಒಳ್ಳೆಯದು.

ಆದರೆ ಅದೇ ಸ್ಪ್ರಿಂಗ್‌ಗಳನ್ನು ಹತ್ತಿರದಿಂದ ನೋಡಬೇಕು. ಅವುಗಳ ಮೇಲೆ ಫೋಮ್ ತುಂಬಿದ ಪಿವಿಸಿ ಪ್ಯಾಡ್ ಇರುತ್ತದೆ. ಇಡೀ ಟ್ರ್ಯಾಂಪೊಲಿನ್‌ನಲ್ಲಿ ಮೊದಲು ಹಾಳಾಗುವುದು ಅದೇ. ನಮ್ಮಲ್ಲಿದ್ದ ಪ್ಯಾಡನ್ನು ಕೈಯಿಂದ ಮಡಿಸಿದರೆ ಮೇಲಿನ ಹಾಳೆ ಹಪ್ಪಳದ ಹಾಗೆ ಬಿರಿಯುತ್ತಿತ್ತು. ಒಳಗಿನ ಫೋಮ್ ನೀರು ಕುಡಿದು ಭಾರವಾಗಿ, ಅಂಚಿನಲ್ಲಿ ಪುಡಿಪುಡಿ ಉದುರುತ್ತಿತ್ತು. ಪ್ಯಾಡ್ ಸರಿದ ಜಾಗದಲ್ಲಿ ಎರಡು ಸ್ಪ್ರಿಂಗ್‌ಗಳ ನಡುವೆ ಆರು ವರ್ಷದ ಮಗುವಿನ ಪಾದ ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಬಲೆ ಎಲ್ಲಿ ಕಟ್ಟಿದ್ದಾರೆ ಅನ್ನುವುದು ಮುಖ್ಯ. ಹಳೆಯ ಮಾದರಿಗಳಲ್ಲಿ ಬಲೆ ಫ್ರೇಮಿನ ಆಚೆ ಇರುತ್ತದೆ. ಅಂದರೆ ಸ್ಪ್ರಿಂಗ್‌ಗಳು ಮಗುವಿನ ಜೊತೆ ಒಳಗೇ ಇರುತ್ತವೆ. ಬಲೆ ಮ್ಯಾಟಿನ, ಅಂದರೆ ಹಾರುವ ಹಾಸಿನ, ಅಂಚಿಗೇ ಸೇರಿಕೊಂಡಿದ್ದರೆ ಸ್ಪ್ರಿಂಗ್‌ಗಳು ಆಚೆ ಉಳಿಯುತ್ತವೆ. ದುಂಡನೆಯದೇ ಬೇಕು ಅನ್ನುವವರು ಈ ಎರಡನೆಯ ಬಗೆಯನ್ನೇ ಹುಡುಕಿ. ಇದರ ಮೇಲೆ ಹತ್ತು ಇಪ್ಪತ್ತು ಪೌಂಡ್ ಉಳಿಸಲು ಹೋಗಬೇಡಿ.

ಸ್ಪ್ರಿಂಗ್ ಇಲ್ಲದ್ದು

ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಇಂಜಿನಿಯರ್ ಕೀತ್ ಅಲೆಕ್ಸಾಂಡರ್ ಮಗಳಿಗೆ ಟ್ರ್ಯಾಂಪೊಲಿನ್ ಕೊಡಿಸಲು ಹೊರಟಾಗ, ಅದು ಅಪಾಯ ಎಂದು ಹೆಂಡತಿ ಬೇಡವೇ ಬೇಡ ಅಂದರಂತೆ. ಆಗ ಅವರು ಯಾವ ಯಾವ ಭಾಗದಿಂದ ಪೆಟ್ಟಾಗುತ್ತದೆ ಎಂದು ಯೋಚಿಸಿ, ಆ ಭಾಗಗಳನ್ನೇ ತೆಗೆದುಹಾಕುವ ದಾರಿ ಹುಡುಕಿದರು. ಸ್ಪ್ರಿಂಗ್ ಬದಲು ಫೈಬರ್‌ಗ್ಲಾಸ್ ಕಡ್ಡಿಗಳು. ಅವು ಮ್ಯಾಟಿನ ಕೆಳಗಿನಿಂದ ಓರೆಯಾಗಿ ಎದ್ದು ಅಂಚನ್ನು ಹಿಡಿದು ನಿಲ್ಲುತ್ತವೆ. ಕಬ್ಬಿಣದ ಫ್ರೇಮ್ ಕೆಳಗೆ ಅಡಗಿರುತ್ತದೆ. ಬಲೆಯ ಕಂಬಗಳೂ ಬಾಗುವ ಕಡ್ಡಿಗಳೇ.

ಗೆಳೆಯರ ಮನೆಯಲ್ಲಿ ಇದರ ಅಂಚಿನ ಮೇಲೆ ಬೇಕಂತಲೇ ಕುಳಿತು ನೋಡಿದೆ. ಗಟ್ಟಿ ಅನ್ನುವುದು ಎಲ್ಲೂ ಸಿಗಲಿಲ್ಲ. ಮಗ ಬಲೆಗೆ ಮೈಯೊಡ್ಡಿ ಬಿದ್ದಾಗ ಕಡ್ಡಿ ಬಾಗಿ ಮೆಲ್ಲಗೆ ವಾಪಸ್ ತಂದುಬಿಟ್ಟಿತು. ಕಿರ್‍ರೆನ್ನುವ ಸದ್ದೂ ಇಲ್ಲ, ಸುಖವಾದ ಒಂದು ಉಸಿರಿನಂಥ ಶಬ್ದ ಅಷ್ಟೆ. ಪುಟಿತ ಮಾತ್ರ ಬೇರೆ ಥರ. ಕೆಳಗೆ ಇಳಿದ ಮೇಲೆ ಸ್ವಲ್ಪ ತಡೆದು, ಮೆತ್ತಗೆ ಎತ್ತುತ್ತದೆ. ನನ್ನ ಮಂಡಿಗೆ ಅದು ಇಷ್ಟವಾಯಿತು. ಮಗಳಿಗೆ ಮಾತ್ರ ದುಂಡನೆಯದರ ಚುರುಕು ಇದರಲ್ಲಿಲ್ಲ ಅನಿಸಿತು.

ಸುರಕ್ಷತೆಯೊಂದನ್ನೇ ನೋಡಿದರೆ ನಾಲ್ಕರಲ್ಲಿ ಇದೇ ಮೇಲು, ನನಗೆ ಅನುಮಾನವಿಲ್ಲ. ಬೆಲೆ ಮಾತ್ರ ಸಾಧಾರಣ ಸ್ಪ್ರಿಂಗಿನದ್ದರ ಮೂರು ನಾಲ್ಕು ಪಟ್ಟು. ಕಡ್ಡಿಗಳನ್ನು ಬಾಗಿಸಿ ಜೋಡಿಸಲು ಗಟ್ಟಿ ಆಳುಗಳು ಇಬ್ಬರು ಬೇಕು. ಹಣದ ತೊಂದರೆ ಇಲ್ಲದವರು ಮುಂದಿನದನ್ನು ಓದುವ ಅಗತ್ಯವೇ ಇಲ್ಲ, ಇದನ್ನೇ ತೆಗೆದುಕೊಳ್ಳಿ.

ನೆಲದೊಳಗಿನದು

ನೋಡಲು ಇದರಷ್ಟು ಚೆಂದ ಯಾವುದೂ ಇಲ್ಲ. ಮ್ಯಾಟು ಹುಲ್ಲಿನ ಮಟ್ಟಕ್ಕೇ ಇರುತ್ತದೆ. ಚಿಕ್ಕ ಹಿತ್ತಲಿನಲ್ಲಿ ಇನ್ನೊಂದು ಲಾಭವೂ ಇದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ನೆಲದ ಮೇಲಿನ ಟ್ರ್ಯಾಂಪೊಲಿನ್‌ನಲ್ಲಿ ಹಾರುವ ಮಗುವಿನ ತಲೆ ಆರು ಅಡಿ ಬೇಲಿಯನ್ನು ಪ್ರತಿ ಸಲವೂ ದಾಟುತ್ತದೆ. ಆಚೆ ಮನೆಯವರು ಬಿಸಿಲಲ್ಲಿ ಕುಳಿತು ಊಟ ಮಾಡುತ್ತಿದ್ದರೆ ಅವರಿಗೆ ಕಿರಿಕಿರಿ. ನಾವು ನಮ್ಮದನ್ನು ಇಡುವ ಮೊದಲೇ ಎರಡೂ ಮನೆಯವರನ್ನು ಕೇಳಿ ಜಾಗ ಗೊತ್ತುಮಾಡಿದೆವು. ನೆಲದೊಳಗಿನದಕ್ಕೆ ಈ ರಗಳೆ ಕಡಿಮೆ.

ಆದರೆ ಮಿಲ್ಟನ್ ಕೀನ್ಸ್ ಕೂತಿರುವುದು ಆಕ್ಸ್‌ಫರ್ಡ್ ಕ್ಲೇ ಎಂಬ ಜೇಡಿಮಣ್ಣಿನ ಮೇಲೆ. ಪಕ್ಕದ ಬ್ಲೆಚ್ಲಿಯಲ್ಲಿ ಒಂದು ಕಾಲಕ್ಕೆ ಇಟ್ಟಿಗೆ ಗೂಡುಗಳು ಇದ್ದದ್ದು ಇದೇ ಮಣ್ಣಿಗೆ. ಇದು ನೀರನ್ನು ಒಳಗೆ ಬಿಡುವುದಿಲ್ಲ. ಗೆಳೆಯರ ಹಿತ್ತಲಿನ ಗುಂಡಿಯಲ್ಲಿ ನವೆಂಬರ್ ಬಂದರೆ ನೀರು ನಿಲ್ಲುತ್ತದೆ. ಪಂಪ್ ಇಟ್ಟು ತೆಗೆಯುತ್ತಾರೆ. ಗುಂಡಿ ತೋಡುವುದೂ ಸುಲಭವಲ್ಲ. ಪಕ್ಕ ಕುಸಿಯದಂತೆ ತಡೆಗೋಡೆ ಬೇಕು. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಗುಂಡಿಗಿಂತ ರಾಶಿ ದೊಡ್ಡದಾಗುತ್ತದೆ. ಅದನ್ನು ಸಾಗಿಸಲು ಸ್ಕಿಪ್ ಎಂಬ ದೊಡ್ಡ ಕಬ್ಬಿಣದ ತೊಟ್ಟಿ ತರಿಸಬೇಕು, ಸ್ಕಿಪ್ ರಸ್ತೆಯಲ್ಲಿಟ್ಟರೆ ಕೌನ್ಸಿಲ್ಲಿನ ಪರವಾನಗಿ ಬೇಕು. ಗಾಳಿ ಓಡಾಡಲು ದಾರಿ ಬಿಡದೆ ಕೂರಿಸಿದರೆ ಮ್ಯಾಟು ಇಳಿದಾಗಲೆಲ್ಲ ಒಳಗಿನ ಗಾಳಿ ಪ್ಯಾಡನ್ನು ಎತ್ತಿ ಎತ್ತಿ ಬಡಿಯುತ್ತದೆ, ಪುಟಿತವೂ ಸತ್ತುಹೋಗುತ್ತದೆ. ನೆಲಕ್ಕೇ ಇದೆಯಲ್ಲ ಎಂದು ಕೆಲವರು ಬಲೆಯನ್ನೇ ಹಾಕಿಸುವುದಿಲ್ಲ. ಎರಡು ಮೀಟರ್ ಮೇಲಿಂದ ಓರೆಯಾಗಿ ಬೀಳುವ ಮಗುವಿಗೆ ಅಂಚು ಎಷ್ಟು ತಗ್ಗಿದ್ದರೇನು? ಬಾಡಿಗೆ ಮನೆಯವರಂತೂ ಇದರ ಯೋಚನೆಯನ್ನೇ ಬಿಡಬೇಕು.

ನಾವು ಕೊಂಡದ್ದು

ಮೊಟ್ಟೆಯಾಕಾರದ್ದನ್ನು ನಾವು ಆರಿಸಿದ್ದು ನಮ್ಮ ಹಿತ್ತಲು ಉದ್ದನೆಯದಾದ್ದರಿಂದ. ಅಗಲದಲ್ಲಿ 6 ಅಡಿ ಮಾತ್ರ ನುಂಗುತ್ತದೆ. ಉದ್ದದಲ್ಲಿ 9 ಅಡಿ ಇದ್ದರೂ ಎರಡೂ ತುದಿಯಲ್ಲಿ 2 ಮೀಟರ್ ಉಳಿಯಿತು. 6 ಅಡಿಯ ದುಂಡನೆಯದನ್ನು ತಂದಿದ್ದರೂ ಅಗಲಕ್ಕೆ ಸರಿಹೋಗುತ್ತಿತ್ತು, ಆದರೆ ಒಂಬತ್ತು ವರ್ಷದ ಹುಡುಗಿ ಅದರಲ್ಲಿ ಇನ್ನೆಷ್ಟು ದಿನ ಹಾರುತ್ತಾಳೆ? ಇದರಲ್ಲಿ ಅವಳು ಓಡಿ ಬಂದು ನೆಗೆಯಬಹುದು, ಕೂತು ಪುಟಿದು ಏಳಬಹುದು. ಮಲಗಿ ಮೋಡ ನೋಡುವುದೂ ಆಗುತ್ತದೆ.

ಪುಟಿತ ಒಂದೇ ಸಮ ಇಲ್ಲ. ನಡುವೆ ಚೆನ್ನಾಗಿದೆ, ತುದಿಗಳಲ್ಲಿ ಬಿಗಿ. ದುಂಡನೆಯದರ ಹಾಗೆ ಮಧ್ಯಕ್ಕೆ ಎಳೆದು ತರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಅದರ ಆಕಾರದ್ದೇ. ಎರಡು ತುದಿ ಕಂಡರೆ ಮಕ್ಕಳಿಗೆ ಆ ಕಡೆ ನೀನು, ಈ ಕಡೆ ನಾನು ಅನಿಸುತ್ತದೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹಾರುವಾಗ. ಪೆಟ್ಟು ತಿನ್ನುವುದು ಹೆಚ್ಚಾಗಿ ಹಗುರಾಗಿರುವವರೇ. ಅಕ್ಕ ಒತ್ತಿದ ಮ್ಯಾಟು ಮೇಲೇಳುವ ಹೊತ್ತಿಗೇ ತಮ್ಮ ಕೆಳಗಿಳಿದರೆ, ಅವಳ ತೂಕದ ಪೆಟ್ಟೆಲ್ಲ ಅವನ ಕಾಲಿಗೆ. ಮೊಣಕಾಲಿನ ಕೆಳಗೆ ಮೂಳೆ ಬಿರುಕು ಬಿಡುವುದು ಹೀಗೇ. ಆರು ತುಂಬದ ಮಕ್ಕಳಿಗೆ ಟ್ರ್ಯಾಂಪೊಲಿನ್ ಬೇಡ ಎಂದು ಇಲ್ಲೂ ಅಮೆರಿಕದಲ್ಲೂ ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ ಮನೆಯಲ್ಲಿ ಇಡುವುದೇ ಬೇಡ ಎನ್ನುತ್ತದೆ. ಅದನ್ನು ತಿಳಿದೇ ನಾವು ತಂದೆವು. ಹಾಗಾಗಿ ನಿಯಮ ಬಿಗಿಯಾಗಿದೆ: ಒಂದು ಸಲಕ್ಕೆ ಒಬ್ಬರು, ಪಲ್ಟಿ ಇಲ್ಲ, ದೊಡ್ಡವರೊಬ್ಬರು ಹತ್ತಿರ ಇರಲೇಬೇಕು.

ಸರದಿಯ ಜಗಳ ಬಗೆಹರಿಸಿದ್ದು ಹಾಸನದಿಂದ ಬಂದಿದ್ದ ನಮ್ಮತ್ತೆ. ಕುರ್ಚಿ ಹಾಕಿಕೊಂಡು ಕೂತು, ನೂರು ನೆಗೆತಕ್ಕೆ ಒಂದು ಸರದಿ ಎಂದು ತೀರ್ಪು ಕೊಟ್ಟರು. ಎಣಿಕೆ ಕನ್ನಡದಲ್ಲೇ ಆಗಬೇಕು, ಅದೂ ಕಾಯುತ್ತಿರುವವರೇ ಎಣಿಸಬೇಕು. ಅರವತ್ತೊಂಬತ್ತು, ಎಪ್ಪತ್ತೊಂಬತ್ತು ಎಲ್ಲಾ ಈಗ ತಪ್ಪಿಲ್ಲದೆ ಬರುತ್ತವೆ. ‘ಅಜ್ಜಿ, ಇನ್ನತ್ತೇ ಅತ್ತು’ ಎಂದು ಮಗ ಗೋಗರೆದರೆ, ‘ಸಾಕು ಇಳಿ ಕಣಪ್ಪ, ಅಕ್ಕಂಗೆ ಬಿಡು’ ಅನ್ನುತ್ತಿದ್ದರು. ಅವರು ವಾಪಸ್ ಹೋದ ಮೇಲೂ ನಿಯಮ ಹಾಗೇ ನಡೆದಿದೆ.

ಗಾಳಿ, ಮಳೆ

ಇದನ್ನು ಹೇಳದೆ ಇಲ್ಲಿ ಟ್ರ್ಯಾಂಪೊಲಿನ್ ಮಾತು ಮುಗಿಯುವುದಿಲ್ಲ. ಬಲೆ ಕಟ್ಟಿದ ಟ್ರ್ಯಾಂಪೊಲಿನ್ ಗಾಳಿಗೆ ದೋಣಿಯ ಪಟದ ಹಾಗೆ. 2020ರ ಫೆಬ್ರವರಿಯ ಸಿಯಾರಾ ಬಿರುಗಾಳಿಯಲ್ಲಿ ಒಂದು ಟ್ರ್ಯಾಂಪೊಲಿನ್ ಹಾರಿ ಬಂದು ಲಂಡನ್ನಿನ ಆಗ್ನೇಯಕ್ಕಿರುವ ಚೆಲ್ಸ್‌ಫೀಲ್ಡ್ ಹತ್ತಿರ ರೈಲು ಹಳಿಯ ಮೇಲೆ ಬಿದ್ದಿತ್ತು. ಬಿರುಗಾಳಿ ಮುನ್ಸೂಚನೆ ಬಂದಾಗಲೆಲ್ಲ ಇಲ್ಲಿನ ರೈಲು ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್‌ನವರು ಟ್ರ್ಯಾಂಪೊಲಿನ್ ಕಟ್ಟಿಹಾಕಿ ಎಂದು ಕೇಳಿಕೊಳ್ಳುವುದು ಇದಕ್ಕೇ. ನೆಲಕ್ಕೆ ತಿರುಗಿಸಿ ಇಳಿಸುವ ಸುರುಳಿ ಗೂಟಗಳು ಸಿಗುತ್ತವೆ. ಪ್ರತಿ ಕಾಲಿಗೂ ಒಂದು ಹಾಕಿ. ಮರಳು ಚೀಲ ಮಾತ್ರ ಸಾಲದು. ನಾವು ಅಕ್ಟೋಬರಿನಲ್ಲಿ ಬಲೆ, ಪ್ಯಾಡ್ ಬಿಚ್ಚಿ ಶೆಡ್ಡಿಗೆ ಸೇರಿಸುತ್ತೇವೆ. ಅವುಗಳ ಆಯಸ್ಸೂ ಹೆಚ್ಚುತ್ತದೆ.

ಮೈಸೂರಿನಲ್ಲಿ ನನ್ನ ತಂಗಿ ಇದನ್ನೇ ಕೇಳುತ್ತಿದ್ದಾಳೆ. ಅವರದು 40×60 ಸೈಟು, ಹಿಂದೆ ಸ್ವಲ್ಪ ಜಾಗ ಇದೆ. ಅಲ್ಲಿ ಮುಖ್ಯ ಶತ್ರು ಗಾಳಿಯಲ್ಲ, ಬಿಸಿಲು. ಬಲೆಯ ದಾರ, ಪ್ಯಾಡಿನ ಹಾಳೆ ಬೇಗ ಪುಡಿಯಾಗುತ್ತವೆ, ಮಳೆಗಾಲದಲ್ಲಿ ಫ್ರೇಮಿನ ಕೀಲುಗಳಲ್ಲಿ ತುಕ್ಕು. ಕಾಂಪೌಂಡ್ ಗೋಡೆ ಹತ್ತಿರವೇ ಇದ್ದರೆ ಚಿಕ್ಕದು, ಬಲೆ ಒಳಗಿರುವುದು, ನೆರಳಿನಲ್ಲಿ ಇಡುವುದು ಎಂದಿದ್ದೇನೆ. ತಾರಸಿಯ ಮೇಲೆ ಇಡ್ತೀನಿ ಅಂದಿದ್ದಕ್ಕೆ ಖಂಡಿತ ಬೇಡ ಅಂದೆ.

ಬಳಸಿದ್ದನ್ನು ಕೊಳ್ಳುವವರು ಮೂರು ನೋಡಿ. ಫ್ರೇಮಿನ ಕೊಳವೆಗಳು ಒಂದಕ್ಕೊಂದು ಸೇರುವ ಕಡೆ ಬೆರಳು ಹಾಕಿದರೆ ತುಕ್ಕಿನ ಪುಡಿ ಬರಬಾರದು. ಬಲೆಯ ಎಳೆಯನ್ನು ಉಗುರಿನಿಂದ ಎಳೆದರೆ ತುಂಡಾಗಬಾರದು. ಸ್ಪ್ರಿಂಗ್‌ಗಳನ್ನೂ ನಿಧಾನವಾಗಿ ಸಾಲಾಗಿ ನೋಡಿ, ಹಿಗ್ಗಿ ನಿಂತ ಒಂದು ಸ್ಪ್ರಿಂಗ್ ಇದ್ದರೂ ಮ್ಯಾಟು ಆ ಕಡೆ ವಾಲುತ್ತದೆ. ಹೊಸದಾದರೆ ಪೆಟ್ಟಿಗೆಯ ಮೇಲೆ ಇಎನ್ 71-14 ಎಂಬ ಯುರೋಪಿನ ಮನೆಬಳಕೆ ಟ್ರ್ಯಾಂಪೊಲಿನ್ ಮಾನದಂಡದ ಉಲ್ಲೇಖ ಇರಬೇಕು. ಹಣ ಕೊಡುವ ಮೊದಲು ಅದೇ ಮಾದರಿಯ ಬಿಡಿ ಪ್ಯಾಡ್, ಬಿಡಿ ಬಲೆ ಮಾರುತ್ತಾರಾ ಅಂತ ವಿಚಾರಿಸಿ. ದುಂಡನೆಯದಕ್ಕೆ ಬೇರೆಯವರದ್ದೂ ಹೊಂದಬಹುದು. ಮೊಟ್ಟೆಯಾಕಾರದ್ದಕ್ಕೆ ಅದೇ ತಯಾರಕರದ್ದೇ ಬೇಕು.