ಹನ್ನೊಂದು ದಿನದ ಮೌನ, ಎಂಟು ಶನಿವಾರಗಳು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡು, ಮಲಗಿ, ಎದ್ದ ಮೇಲೂ ಅದು ಮುಗಿಯುತ್ತಿರಲಿಲ್ಲ. ಕಳೆದ ಆಷಾಢದಲ್ಲಿ ಹನ್ನೊಂದು ದಿನ ಮಾತಿಲ್ಲದೆ ಕಳೆದೆವು. ಹನ್ನೆರಡನೆಯ ದಿನ ನನ್ನ ಹೆಂಡತಿಯೇ ಮೈಸೂರಿನ ಒಂದು ಖಾಸಗಿ ದಾಂಪತ್ಯ ಸಮಾಲೋಚನಾ ಕೇಂದ್ರದಲ್ಲಿ ಸಮಯ ಗೊತ್ತುಮಾಡಿ, ಚೀಟಿಯನ್ನು ನನ್ನ ಊಟದ ಡಬ್ಬಿಯ ಮೇಲೆ ಇಟ್ಟಳು. ಐವತ್ತು ನಿಮಿಷಕ್ಕೆ 1,200 ರೂಪಾಯಿ. ಎಂಟು ಶನಿವಾರ ಹೋಗಿಬಂದಿದ್ದೇವೆ.

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಬಾಗಿಲಲ್ಲೇ ಕೈಗೆ ಕೊಡುವ ನಾಲ್ಕು ಪುಟದ ಪ್ರಶ್ನಾವಳಿ ಪೂರ್ತಿ ಇಂಗ್ಲಿಷಿನಲ್ಲಿದೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಸಿಟ್ಟು, ಮುನಿಸು, ಬೇಸರ ಇವು ಒಂದೇ ಅಲ್ಲವೆಂದು ಬಲ್ಲೆ. ನನ್ನದು ಮುನಿಸು, ಅವಳದು ಸಂಕಟ. ಆ ಹಾಳೆಯಲ್ಲಿ ಎರಡಕ್ಕೂ ಇದ್ದದ್ದು ಒಂದೇ ಚೌಕ. ಮೈಸೂರಿನಲ್ಲಿ ಇದು ತಪ್ಪು. ಕಾಯುವ ಕೋಣೆಯ ಗೋಡೆಯೂ ತೆಳುವಾಗಿದೆ, ಒಳಗಿನವರ ಅಳು ಹೊರಗೆ ಕೇಳಿಸುತ್ತದೆ.

ಆದರೆ ಸಮಾಲೋಚಕಿಯ ಕೆಲಸಕ್ಕೆ ನಾನು ಋಣಿ. ಯಾರದು ತಪ್ಪು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಮೂರನೆಯ ಭೇಟಿಯಲ್ಲಿ ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಊರಿನಲ್ಲಿ ಒಬ್ಬರೇ ಇರುವ ನನ್ನ ಅಮ್ಮನನ್ನು ಕರೆತರುವ ವಿಷಯ ಮಾತಾಡಿರೆಂದರು. ಐದೇ ನಿಮಿಷ. ನಾನು ಎಂದಿನಂತೆ ಕಿಟಕಿಯತ್ತ ನೋಡುತ್ತ ಸುಮ್ಮನೆ ಕುಳಿತಿದ್ದೆ. ನಾಡಿಮಿಡಿತ 108 ತೋರಿಸುತ್ತಿತ್ತು. ಹೆಂಡತಿ ಆ ಅಂಕಿಯನ್ನೇ ದಿಟ್ಟಿಸಿದಳು. "ಇವರಿಗೆ ಏನೂ ಅನ್ನಿಸುವುದೇ ಇಲ್ಲ ಎಂದುಕೊಂಡಿದ್ದೆ" ಎಂದಳು. ಒಂಬತ್ತು ವರ್ಷದಲ್ಲಿ ನಾನು ಹೇಳಲಾಗದ್ದನ್ನು ಆ ಪುಟ್ಟ ಯಂತ್ರ ಹೇಳಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಜಗಳವಾಡುವಾಗಿನ ಮಾತು, ಮುಖಭಾವ, ಎದೆಬಡಿತಗಳನ್ನು ದಾಖಲಿಸಿದವರು. ಸಂಬಂಧವನ್ನು ಕೆಡಿಸುವ ನಾಲ್ಕು ನಡವಳಿಕೆಗಳನ್ನು ಅವರು ಗುರುತಿಸಿದರು: ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಮೌನದ ಗೋಡೆ. ಮಿಡಿತ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದು ಕಷ್ಟ. ಮೈ ತಣ್ಣಗಾಗಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಸಮಾಲೋಚಕಿ ಇದನ್ನು ನಮ್ಮದೇ ಮಾತುಗಳಿಂದ ಬಿಡಿಸಿದರು. "ಕರೆಂಟ್ ಬಿಲ್ ಕಟ್ಟಿಲ್ಲ" ಎಂಬುದು ದೂರು, "ನಿಮಗೆ ಜವಾಬ್ದಾರಿಯೇ ಇಲ್ಲ" ಎಂಬುದು ದೂಷಣೆ. ಅದಕ್ಕೆ ನಾನು ತುಟಿ ಕೊಂಕಿಸಿ ನಗುತ್ತೇನಲ್ಲ, ಅದು ತಿರಸ್ಕಾರ. ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದು ಅದೇ. ಆ ನಗೆ ನನ್ನಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನದು ಮೌನವೆಂದು ಅವಳ ದನಿ ಏರುತ್ತಿತ್ತು. ದನಿ ಏರಿತೆಂದು ನಾನು ಇನ್ನಷ್ಟು ಮುಚ್ಚಿಕೊಳ್ಳುತ್ತಿದ್ದೆ. ಪ್ರೀತಿ ಆರಿದ್ದರಿಂದ ಹೀಗಾಯಿತು ಎಂದು ಇಬ್ಬರೂ ನಂಬಿದ್ದೆವು. ಈ ಸುತ್ತು ಹೀಗೇ ತಿರುಗುತ್ತಿದ್ದರೆ ಪ್ರೀತಿ ನಿಜಕ್ಕೂ ಆರುತ್ತಿತ್ತು.

ಹೋಗುವವರು ಜಗಳ ಹಳತಾಗುವ ಮೊದಲೇ ಹೋಗಿ, ಇಬ್ಬರೂ ಹೋಗಿ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಜೋಡಿಯಾಗಿ ಕೂರಬೇಡಿ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ.

ಮೊನ್ನೆ ಅಮ್ಮನ ವಿಷಯ ಮತ್ತೆ ಎದ್ದಿತು. "ಇಪ್ಪತ್ತು ನಿಮಿಷ ಕೊಡು, ಬರುತ್ತೇನೆ" ಎಂದು ಹೇಳಿ ತಾರಸಿಗೆ ಹೋದೆ. ಹೇಳಿದ ಹೊತ್ತಿಗೆ ಇಳಿದುಬಂದೆ. ತೀರ್ಮಾನ ಇನ್ನೂ ಆಗಿಲ್ಲ. ಒಂಬತ್ತನೆಯ ಭೇಟಿಗೆ ಬರುವ ಶನಿವಾರ ಹೆಸರು ಬರೆಸಿದ್ದೇವೆ.